ದಾರ ಕಟ್ಟಿದ ರಬ್ಬರ್

ಆ ನಾಣ್ಯದ ಅಂಗಡಿಯ ಕೌಂಟರ್ ಮೇಲೆ ಒಂದು ರಬ್ಬರ್ ಇತ್ತು. ಬ್ಯಾಂಕಿನಲ್ಲಿ ಪೆನ್ನಿಗೆ ದಾರ ಕಟ್ಟಿರುತ್ತಾರಲ್ಲ, ಹಾಗೆ ಅದಕ್ಕೂ ದಾರ ಕಟ್ಟಿತ್ತು. ಮೊದಲ ಸಲ ಬಂದವರು ಅದನ್ನು ನೋಡಿ ನಗುತ್ತಿದ್ದರು. ಅಯ್ಯೋ ದೇವರೇ, ಅರ್ಧ ಸವೆದ ರಬ್ಬರನ್ನು ಯಾರಪ್ಪ ಕದೀತಾರೆ ಅಂತ. ಕದಿಯೋರ ಭಯಕ್ಕೆ ಯಾರೂ ಕಟ್ಟಿರಲಿಲ್ಲ. ಅಂಗಡಿಯವರೇ ಅದನ್ನು ಎತ್ತಿ ಡ್ರಾಯರ್ ಒಳಗೆ ಬಚ್ಚಿಡಬಾರದು ಅಂತ ಯಜಮಾನರು ತಾವೇ ಕಟ್ಟಿಕೊಂಡಿದ್ದರು.

ವಿಷಯ ಇಷ್ಟೇ. ಹಳೇ ನಾಣ್ಯದ ವ್ಯಾಪಾರದಲ್ಲಿ ಎಲ್ಲಾ ಜಗಳವೂ ಗ್ರೇಡಿನದು. ಕೈಯಿಂದ ಕೈಗೆ ಓಡಾಡದೆ ಹೊಳಪು ಉಳಿಸಿಕೊಂಡಿದ್ದರೆ ‘ಯುಎನ್‌ಸಿ’, ಎಲ್ಲೋ ಒಂಚೂರು ಸವೆದಿದ್ದರೆ ‘ಎಕ್ಸ್‌ಎಫ್’, ಇನ್ನೂ ಸ್ವಲ್ಪ ಸವೆದಿದ್ದರೆ ‘ವಿಎಫ್’. ಗ್ರೇಡ್ ಒಂದು ಮೆಟ್ಟಿಲು ಇಳಿದರೆ ಬೆಲೆ ಮಹಡಿಯಿಂದ ಬೀಳುತ್ತೆ. ಆದ್ದರಿಂದ ಮಾರೋರ ಕಣ್ಣಿಗೆ ಸವೆತ ಕಾಣೋದಿಲ್ಲ, ಕೊಳ್ಳೋರ ಕಣ್ಣಿಗೆ ಬೇರೇನೂ ಕಾಣೋದಿಲ್ಲ. ಈ ಅಂಗಡಿಯಲ್ಲಿ ಮಾತ್ರ ಕಾರ್ಡಿನ ಮೇಲೆ ಗ್ರೇಡನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಒಪ್ಪದ ಗಿರಾಕಿ ದೀಪದ ಕೆಳಗೆ ದೋಷ ತೋರಿಸಿದರೆ, ತಾನೇ ರಬ್ಬರ್ ಎತ್ತಿ ಅಳಿಸಬಹುದು. ಕಾರ್ಡಿನ ಹತ್ತಿರ ಪೆನ್ನು ಸುಳಿಯುವಂತಿಲ್ಲ.

ಯಜಮಾನರಿಗೆ ಕಣ್ಣಿಗೆ ಪೊರೆ ಬಂದಮೇಲೆ ಗ್ರೇಡ್ ಬರೆಯುವ ಕೆಲಸ ಮಗಳ ಪಾಲಿಗೆ ಬಂತು. ಅಪ್ಪ ಅವಳನ್ನು ಪುಟ್ಟಿ ಅಂತಿದ್ದರು. ಮದುವೆ ವಯಸ್ಸು ಬಂದು, ಬಂದ ದಾರಿಯಲ್ಲೇ ಹೊರಟೂ ನಿಂತಿತ್ತು, ಆದರೂ ಪುಟ್ಟಿ. ಗಿರಾಕಿಗಳು ಬೆನ್ನ ಹಿಂದೆ ಭೂತಗನ್ನಡಿ ಅಂತಿದ್ದರು. ಹಾಲಿನ ಪ್ಯಾಕೆಟ್ ಮೇಲಿನ ತಾರೀಖನ್ನೂ ಅವಳು ಲೆನ್ಸ್ ಹಿಡಿದೇ ಓದುತ್ತಿದ್ದಳು, ಪಾಪ, ಅವರ ತಪ್ಪೇನೂ ಇಲ್ಲ.

ಒಂದು ಸಂಜೆ, ಎದುರು ಕಟ್ಟಡದ ಮೇಲ್ಗಡೆ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಹಲ್ಲಿನ ಡಾಕ್ಟರ್ ಒಳಗೆ ಬಂದ. ತಾತ ಕೊಟ್ಟ ಒಂದು ಡಬ್ಬಿ ನಾಣ್ಯ ಇದೆ, ಅದಕ್ಕೆ ಜೊತೆ ಸೇರಿಸಬೇಕು ಅಂದ. ಪುಟ್ಟಿ ಸಿಂಹದ ಮುಖವಿದ್ದ ತಾಮ್ರದ ನಾಣ್ಯವೊಂದನ್ನು ಮುಂದಿಟ್ಟಳು. ಕಾರ್ಡಿನ ಮೇಲೆ ‘ಎಕ್ಸ್‌ಎಫ್’ ಅಂತಿತ್ತು.

ಅವನು ಅದನ್ನು ದೀಪದ ಕೆಳಗೆ ವಾಲಿಸಿದ, ತಿರುಗಿಸಿದ, ಇನ್ನೊಮ್ಮೆ ವಾಲಿಸಿದ.

“ಮೇಡಂ, ಈ ಸಿಂಹಕ್ಕೆ ಒಂದು ಕೋರೆಹಲ್ಲಿಲ್ಲ.”

“ಏನಂದ್ರಿ?”

“ಎಡಗಡೇದು ಇದೆ. ಬಲಗಡೇದು ಸವೆದು ಹೋಗಿದೆ.”

“ನಾಣ್ಯ ಕೊಳ್ಳೋಕೆ ಬಂದ್ರಾ, ಸಿಂಹಕ್ಕೆ ಹಲ್ಲು ಕಟ್ಟೋಕೆ ಬಂದ್ರಾ?”

“ನನಗೆ ಎರಡೂ ಒಂದೇ ಕೆಲಸ. ಬಾಯಲ್ಲಾಗಲಿ ನಾಣ್ಯದಲ್ಲಾಗಲಿ, ಎತ್ತರ ಇರೋದೇ ಮೊದಲು ಸವೆಯೋದು.”

ಪುಟ್ಟಿ ಲೆನ್ಸ್ ಹಿಡಿದಳು. ಬಲಗಡೆ ಕೋರೆಹಲ್ಲು ಇರಲಿಲ್ಲ. ಅವಳ ಕಿವಿ ಬಿಸಿಯಾಯಿತು. ರಬ್ಬರನ್ನು ಅವನ ಕಡೆ ತಳ್ಳಿದಳು. ಅವನು ಮೆಲ್ಲಗೆ, ರೋಗಿಗೆ ನೋಯದ ಹಾಗೆ, ಅಳಿಸಿ ಪುಡಿಯನ್ನು ಊದಿದ. ಪುಡಿಯೆಲ್ಲ ಹೋಗಿ ಅವಳ ತೋಳಿನ ಮೇಲೆ ಕೂತಿತು.

“ಅಯ್ಯೋ, ಸಾರಿ,” ಅಂತ ಒರೆಸಲು ಕೈ ಚಾಚಿದವನು, ಅರ್ಧ ದಾರಿಯಲ್ಲಿ ಬುದ್ಧಿ ಬಂದು ಕೈ ಹಿಂದೆ ತೊಗೊಂಡ.

ಮೂಲೆಯ ಕುರ್ಚಿಯಲ್ಲಿದ್ದ ಅಪ್ಪನಿಗೆ ಕಣ್ಣು ಮಂಜಾಗಿತ್ತೇ ಹೊರತು ಕಿವಿ ಚುರುಕಾಗಿಯೇ ಇತ್ತು. “ಬಂದ್ರಪ್ಪ ರಬ್ಬರ್ ಸಾಹೇಬ್ರು,” ಅಂತ ನಕ್ಕರು. ಹೆಸರು ಅಂಟಿಕೊಂಡಿತು.

ಅಲ್ಲಿಂದ ಮುಂದೆ ಕ್ಲಿನಿಕ್ ಬಾಗಿಲು ಹಾಕಿದ ಮೇಲೆ ಅವನ ಹೆಜ್ಜೆ ನೆಟ್ಟಗೆ ಅಂಗಡಿ ಕಡೆಗೇ. ಒಳಗೆ ಬಂದರೆ ಲವಂಗದ ಎಣ್ಣೆಯ ವಾಸನೆಯೂ ಜೊತೆಗೆ ಬರುತ್ತಿತ್ತು. ಒಂದು ದೀಪ, ಒಂದು ನಾಣ್ಯ, ಎರಡು ತಲೆ. ಹಣೆ ಹಣೆಗೆ ಡಿಕ್ಕಿ ಹೊಡೆಯುವಷ್ಟು ಹತ್ತಿರ ಬಗ್ಗಿ ಇಬ್ಬರೂ ಜಗಳ ಆಡುತ್ತಿದ್ದರು.

“ಇದು ಗೀರು.”

“ಗೀರಲ್ಲ ಡಾಕ್ಟ್ರೇ, ರಾಜನ ಕೆನ್ನೆ ಗೆರೆ. ವಯಸ್ಸಾಗಿತ್ತು ಅವನಿಗೆ.”

“ಹಾಗಾದ್ರೆ ಕೈ ಮುಗಿದೆ.” ಅವನು ರಬ್ಬರ್ ಕೆಳಗಿಡುತ್ತಿದ್ದ. “ಪೆನ್ಸಿಲ್ ಹುಡುಕ್ತಿದ್ದೀರಾ?”

“ಹೌದು, ಈಗ ತಾನೇ ಇಲ್ಲೇ…”

“ತಲೇಲಿದೆ.”

ಕೂದಲ ಗಂಟಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ಅವಳು ಎಳೆದುಕೊಂಡರೆ ಗಂಟು ಬಿಚ್ಚಿ ಕೂದಲು ಹೆಗಲಿಗೆ ಬೀಳುತ್ತಿತ್ತು. ಆಗ ಡಾಕ್ಟರ್ ಬಹಳ ಗಂಭೀರವಾಗಿ ಗೋಡೆ ಗಡಿಯಾರ ನೋಡುತ್ತಿದ್ದ. ಆ ಗಡಿಯಾರ ಕೆಟ್ಟು ನಿಂತು ಯಾವ ಕಾಲವಾಗಿತ್ತೋ.

ಅವನು ಪ್ರತಿ ಸಲ ಗೆಲ್ಲುತ್ತಿರಲಿಲ್ಲ. ಅವನು ರಬ್ಬರ್ ಮುಟ್ಟದೆ ಎದ್ದು ಹೋದ ದಿನ ಪುಟ್ಟಿಗೆ ಹೊಟ್ಟೆ ತುಂಬ ಊಟ ಮಾಡಿದ ಹಾಗಿರುತ್ತಿತ್ತು. ಬೇರೆ ಗಿರಾಕಿಗಳು ಭೇಷ್ ಅಂದರೆ ಅವಳು ನಂಬುತ್ತಿರಲಿಲ್ಲ, ಕೆಲವರಿಗೆ ಅಪ್ಪನ ಮೇಲಿನ ಗೌರವ, ಕೆಲವರಿಗೆ ಉದ್ರಿಯ ಆಸೆ. ಇವನ ಬಾಯಿಗೆ ಮಾತ್ರ ಬೆಣ್ಣೆ ಅಂಟಿರಲಿಲ್ಲ. ತಪ್ಪಿದ್ದರೆ ತಪ್ಪು ಅಂತಾನೆ. ಸುಮ್ಮನಿದ್ದರೆ ತನ್ನ ಕಣ್ಣು ಸರಿ ಇದೆ ಅಂತ ಅರ್ಥ. ಅಪ್ಪನ ಜಾಗದಲ್ಲಿ ಕೂರುವ ಧೈರ್ಯ ಅವಳಿಗೆ ಬಂದದ್ದೇ ಈ ಮನುಷ್ಯ ಸುಮ್ಮನೆ ಎದ್ದು ಹೋದ ಸಂಜೆಗಳಿಂದ.

ತಿಂಗಳಿಗೊಂದು ಭಾನುವಾರ ಅಂಗಡಿಯಲ್ಲಿ ನಾಣ್ಯದ ಹುಚ್ಚಿನವರೆಲ್ಲ ಸೇರುತ್ತಿದ್ದರು. ಮಡಚುವ ಕುರ್ಚಿ, ಟೀ, ಗಲಾಟೆ. ಅಂಥ ಒಂದು ಭಾನುವಾರ ಅಪ್ಪ ಎಲ್ಲರೆದುರು ತಮ್ಮ ಹಳೇ ಲೆನ್ಸನ್ನು ಮಗಳ ಕೈಗಿಟ್ಟರು. “ಇನ್ಮೇಲೆ ಈ ಅಂಗಡಿಯ ಕಣ್ಣು ಇವಳದು,” ಅಂದರು. ಪುಟ್ಟಿ ಅದನ್ನು ಎರಡೂ ಕೈಯಲ್ಲಿ ತೊಗೊಂಡಳು.

ಆ ದಿನದ ದೊಡ್ಡ ಸರಕು ಒಂದು ಬೆಳ್ಳಿ ನಾಣ್ಯ. ಒಂದು ಕಡೆ ಕಿರೀಟದ ರಾಣಿ, ಇನ್ನೊಂದು ಕಡೆ ಹಾಯಿ ಹಡಗು. ಪಕ್ಕದ ಮಳಿಗೆಯ ಟೈಲರ್ ಅಕ್ಕನಿಂದ ಪುಟ್ಟಿ ತಾನೇ ನೋಡಿ, ತಾನೇ ಬೆಲೆ ಕಟ್ಟಿ, ಮೊದಲ ಸಲ ಒಬ್ಬಳೇ ಕೊಂಡದ್ದು. ಕಾರ್ಡಿನ ಮೇಲೆ ‘ಎಕ್ಸ್‌ಎಫ್’. ಪೇಟೆಯ ಹಳೇ ವ್ಯಾಪಾರಿ ಮೀಸೆ ಮಾವ ಅದನ್ನು ಕೈಯಲ್ಲಿ ಹಿಡಿದು, “ಭೇಷ್ ಕಣಮ್ಮ, ಇದು ನನಗಿರಲಿ,” ಅನ್ನುವಷ್ಟರಲ್ಲಿ ಡಾಕ್ಟರ್ ಮುಂದೆ ಬಂದ.

“ಒಂದು ನಿಮಿಷ ಮಾವ, ನೋಡಿ ಕೊಡ್ತೀನಿ.”

ಅವನು ದೀಪದ ಕೆಳಗೆ ನಾಣ್ಯವನ್ನು ವಾಲಿಸಿದ. ಒಂದೇ ಸಲ. ಆಮೇಲೆ ತಲೆ ಎತ್ತಿ ಪುಟ್ಟಿಯ ಮುಖ ನೋಡಿದ. ಆ ನೋಟ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

“ಇದು ನನಗೆ ಬೇಕು,” ಅಂದ. “ಕಾರ್ಡಿನಲ್ಲಿರೋ ಬೆಲೆಗೇ.”

“ರಬ್ಬರ್ ಬೇಡ್ವಾ ಸಾಹೇಬ್ರೇ?” ಪುಟ್ಟಿ ಕಣ್ಣು ಮಿಟುಕಿಸಿದಳು.

“ಬೇಡ. ಚೆನ್ನಾಗಿದೆ.”

ಮೀಸೆ ಮಾವ ಗೊಣಗಿದರು. ಪುಟ್ಟಿಯ ಕಾಲು ಆ ದಿನವಿಡೀ ನೆಲದ ಮೇಲಿರಲಿಲ್ಲ.

ಕೆಲವು ವಾರ ಕಳೆದು ಅಪ್ಪನ ಒಂದು ಕಣ್ಣಿನ ಆಪರೇಷನ್ ಆಯಿತು. ಅವರು ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ರೇಡಿಯೋ ಜೊತೆ ವಾದ ಮಾಡುತ್ತಿದ್ದಾಗ ಟೈಲರ್ ಅಕ್ಕ ಅಂಗಡಿಗೆ ಬಂದಳು. ಕುತ್ತಿಗೆಗೆ ಅಳತೆ ಟೇಪು, ಕೈಯಲ್ಲಿ ಸಣ್ಣ ಗಂಟು.

“ಪುಟ್ಟಿ, ಅದರ ಜೋಡಿ ಸಿಕ್ಕಿತು ನೋಡೇ. ನಮ್ಮಜ್ಜಿ ಎರಡನ್ನೂ ಸರಕ್ಕೆ ಪೋಣಿಸ್ಕೊಂಡಿದ್ರು.”

ಅದೇ ರಾಣಿ, ಅದೇ ಹಡಗು. ರಾಣಿಯ ಕಿರೀಟದ ಮೇಲೆ, ಅಂಚಿನಲ್ಲಿ, ದಾರ ಹೋಗುವಷ್ಟು ತೂತು.

“ಇದಕ್ಕೆ ತೂತಿದೆಯಲ್ಲಕ್ಕ.”

“ಅದಕ್ಕೂ ಇತ್ತಲ್ಲ! ನಮ್ಮಪ್ಪ ಆವಾಗ್ಲೇ ಅಕ್ಕಸಾಲಿಗನ ಹತ್ರ ಬೆಳ್ಳಿ ತುಂಬಿಸಿ ಮುಚ್ಚಿಸಿದ್ರು. ಇದು ಎಲ್ಲೋ ಕಳೆದುಹೋಗಿತ್ತು, ಹಾಗೇ ಉಳ್ಕೊಂಡಿದೆ. ಯಾಕೇ, ಮುಖ ಹೀಗಾಯ್ತು?”

ತೂತು ಮುಚ್ಚಿದ ನಾಣ್ಯಕ್ಕೆ ಗ್ರೇಡೇ ಇಲ್ಲ. ಬೆಲೆ ಬೆಳ್ಳಿಯ ತೂಕಕ್ಕಿಂತ ಒಂದು ಹಿಡಿ ಜಾಸ್ತಿ, ಅಷ್ಟೇ. ಅಕ್ಕನಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗಿ ಅವಳು ಅಳುವ ಹಾಗಾದಳು. ಪುಟ್ಟಿ ಅವಳ ಕೈ ಹಿಡಿದು, “ನೀನು ಏನನ್ನೂ ಮುಚ್ಚಿಡಲಿಲ್ಲ ಅಕ್ಕ, ನಾನು ಕೇಳಲಿಲ್ಲ, ನೋಡಲೂ ಇಲ್ಲ. ನಷ್ಟ ಅಂಗಡೀದು,” ಅಂದು, ಗಲ್ಲಾದ ದುಡ್ಡನ್ನು ಲಕೋಟೆಗೆ ಹಾಕಿಕೊಂಡು ಎದುರು ಕಟ್ಟಡಕ್ಕೆ ಓಡಿದಳು. ಪಾಪ ಆ ಮನುಷ್ಯ, ನಂಬಿ ಕೊಂಡ. ತನ್ನನ್ನು ನಂಬಿ.

ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜ ದವಡೆಗೆ ಹತ್ತಿ ಕಚ್ಚಿಕೊಂಡು ಕುರ್ಚಿಯಲ್ಲಿ ಅರೆ ಮಲಗಿದ್ದರು. ಇಂಜೆಕ್ಷನ್ ಆಗಿತ್ತು, ಮರಗಟ್ಟಲಿ ಅಂತ ಕಾಯುತ್ತಿದ್ದರು. ಪುಟ್ಟಿ ಏದುಸಿರು ಬಿಡುತ್ತಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ತಪ್ಪಾಯಿತು, ದುಡ್ಡು ಪೂರ್ತಿ ವಾಪಸ್, ಕ್ಷಮಿಸಿ ಅಂದಳು.

ಡಾಕ್ಟರ್ ಬೆಚ್ಚಿ ಬೀಳಲಿಲ್ಲ. ಡ್ರಾಯರ್ ಎಳೆದು ನಾಣ್ಯ ತೆಗೆದ. ಹಲ್ಲು ನೋಡುವ ದೊಡ್ಡ ದೀಪವನ್ನು ಎಳೆದು, ಹುಡುಕದೆ, ನೇರವಾಗಿ ಕಿರೀಟದ ಮೇಲೆ, ಅಂಚಿನಲ್ಲಿ ಕೆತ್ತಿದ್ದ ಒಂದು ಎಲೆಯ ಮೇಲೆ ಬೆರಳಿಟ್ಟ. ಅಲ್ಲಿ ಬೆಳ್ಳಿಯ ಬಣ್ಣ ಕೂದಲೆಳೆಯಷ್ಟು ಬೇರೆ ಇತ್ತು.

ಪುಟ್ಟಿ ಬೆರಳನ್ನು ನೋಡಿದಳು, ಅವನನ್ನು ನೋಡಿದಳು.

“ನಿಮಗೆ ಗೊತ್ತಿತ್ತು.”

“ದಿನಾ ಹಲ್ಲಿಗೆ ಬೆಳ್ಳಿ ತುಂಬೋನು ನಾನು. ಕಂಡೇ ಕಾಣುತ್ತೆ.”

“ಅವತ್ತೇ ಗೊತ್ತಿತ್ತು!”

“ಮೀಸೆ ಮಾವ ಕೊಂಡಿದ್ರೆ ಮನೆಗೆ ಹೋಗಿ ಪತ್ತೆ ಹಚ್ತಿದ್ರು. ಪೇಟೆ ತುಂಬ ಡಂಗುರ ಹೊಡೀತಿದ್ರು. ಅಪ್ಪ ಅವತ್ತಷ್ಟೇ ಲೆನ್ಸ್ ಕೊಟ್ಟಿದ್ರು ನಿಮಗೆ. ನಿಮ್ಮ ಮುಖದಲ್ಲಿ ಅಷ್ಟು ಖುಷಿ ಇತ್ತು, ನನಗೆ ಬಾಯಿ ಬರಲಿಲ್ಲ.”

“ಸಣ್ಣ ಸಣ್ಣದಕ್ಕೂ ರಬ್ಬರ್ ಎತ್ತೋರು! ಸಿಂಹದ ಹಲ್ಲು ಲೆಕ್ಕ ಹಾಕೋರು!”

“ಆಂ…” ಅಂದರು ಅಜ್ಜ.

“ನೀವು ಸುಮ್ಮನಿರಿ ತಾತ,” ಅಂದಳು ಪುಟ್ಟಿ. ಅವಳ ಕಣ್ಣು ತುಂಬಿತ್ತು. “ನೀವು ಸುಮ್ಮನೆ ಎದ್ದು ಹೋದ್ರೆ ನನ್ನ ಕಣ್ಣು ಸರಿ ಇದೆ ಅಂತ ನಂಬ್ಕೊಂಡಿದ್ದೆ ಡಾಕ್ಟ್ರೇ. ಈಗ ಹೇಳಿ, ಅದಕ್ಕೆ ಮುಂಚೆ ಕೈ ಮುಗಿದೆ ಅಂದಿರಲ್ಲ, ಆಗೆಲ್ಲ ನಿಜವಾಗ್ಲೂ ನಾನೇ ಸರಿ ಇದ್ದೆನಾ? ಇಲ್ಲ ಅದೂ ಪಾಪ ಹುಡುಗಿ ಅಂತಾನಾ?”

“ಇಲ್ಲ, ಪುಟ್ಟಿ, ಆಣೆಗೂ…”

ಅವನು ಮೊದಲ ಸಲ ಪುಟ್ಟಿ ಅಂದಿದ್ದ. ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ನಾಣ್ಯವನ್ನು ಕಾರ್ಡ್ ಸಮೇತ ಕಿತ್ತುಕೊಂಡು, ದುಡ್ಡಿನ ಲಕೋಟೆಯನ್ನು ಹಲ್ಲಿಗೆ ತುಂಬುವ ಬೆಳ್ಳಿ ಅರೆಯುವ ಕುಟ್ಟಾಣಿಯ ಪಕ್ಕದಲ್ಲಿಟ್ಟು ಮೆಟ್ಟಿಲಿಳಿದಳು. ಹಿಂದಿನಿಂದ ಅಜ್ಜ ಬಾಗಿಲ ಕಡೆ ಕೈ ತೋರಿಸಿ, “ಹೋ… ಹೋ…” ಅಂತ ಡಾಕ್ಟರನ್ನು ಅಟ್ಟುತ್ತಿದ್ದರು. ಮರಗಟ್ಟಿದ ದವಡೆ ಬಿಟ್ಟು ಡಾಕ್ಟರ್ ಹೇಗೆ ಹೋದಾನು?

ಮನೆಯಲ್ಲಿ ಅಪ್ಪ ಒಂಟಿ ಕಣ್ಣಿನ ಪಟ್ಟಿಯಲ್ಲಿ ಕೂತು ಪೂರ್ತಿ ಕಥೆ ಕೇಳಿದರು.

“ಬೇಜಾರು ಯಾವುದಕ್ಕೆ? ನಿನಗೆ ತೂತು ಕಾಣಲಿಲ್ಲ ಅಂತಾನಾ, ಅವನು ಹೇಳಲಿಲ್ಲ ಅಂತಾನಾ?”

ಪುಟ್ಟಿ ಯೋಚಿಸಿದಳು. “ಅವರು ಹೇಳಲಿಲ್ಲ ಅಂತ.”

“ತೂತಿನ ವಿಷಯ ಭಾನುವಾರ ಎಲ್ಲರೆದುರು ನೀನೇ ಹೇಳು. ಅದು ಅಂಗಡಿ ಮರ್ಯಾದೆ.” ಅಪ್ಪ ದಿಂಬಿಗೆ ಒರಗಿದರು. “ಇನ್ನೊಂದಿದೆಯಲ್ಲ, ಅದು ಅಂಗಡಿ ವಿಷಯ ಅಲ್ಲಮ್ಮ. ಅದಕ್ಕೆ ನನ್ನ ಹತ್ರ ಲೆನ್ಸ್ ಇಲ್ಲ.”

ಭಾನುವಾರ ಬಂತು. ಕುರ್ಚಿಗಳು ತುಂಬಿದವು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾ ಹೀರೋ ಹಾಗೆ ಮೂಲೆಯಲ್ಲಿ ಕೂತರು. ಪುಟ್ಟಿ ಬೆಳ್ಳಿ ನಾಣ್ಯವನ್ನು ದೀಪದ ಕೆಳಗಿಟ್ಟಳು. ಈ ಒಂದು ಮಾತಿಗೆ ನಾಳೆಯಿಂದ ಈ ಬಾಗಿಲಿಗೆ ಯಾರೂ ಬರದೇ ಹೋಗಬಹುದು.

“ಹೋದ ಸಲ ಇದಕ್ಕೆ ಎಕ್ಸ್‌ಎಫ್ ಅಂತ ಬರೆದಿದ್ದೆ. ಇದರ ತೂತು ಮುಚ್ಚಿದ್ದಾರೆ. ನನಗೆ ಕಾಣಲಿಲ್ಲ. ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟಿದ್ದೀನಿ.” ಅವಳು ದಾರ ಕಟ್ಟಿದ ರಬ್ಬರ್ ಎತ್ತಿ ತನ್ನ ಗ್ರೇಡನ್ನು ತಾನೇ ಅಳಿಸಿದಳು. “ನನ್ನ ಹತ್ರ ಕೊಂಡಿದ್ದು ಯಾವುದರ ಮೇಲಾದ್ರೂ ಅನುಮಾನ ಇದ್ರೆ ತೊಗೊಂಡು ಬನ್ನಿ. ಮತ್ತೆ ನೋಡೋಣ.”

ಮೀಸೆ ಮಾವ ಎದ್ದು ಬಂದು ನಾಣ್ಯವನ್ನು ಬಹಳ ಹೊತ್ತು ನೋಡಿದರು. ಮೀಸೆಯ ತುದಿಯನ್ನು ಒಮ್ಮೆ ಕಚ್ಚಿದರು.

“ಥೂ,” ಅಂದರು. “ನಾನೂ ಕೈಯಲ್ಲಿ ಹಿಡಿದಿದ್ದೆ ಕಣಮ್ಮ. ನನಗೂ ಕಾಣಲಿಲ್ಲ.” ಆಮೇಲೆ ಸಭೆಯ ಕಡೆ ತಿರುಗಿದರು. “ಏನ್ರೋ ನೋಡ್ತಿದ್ದೀರಾ? ನಮ್ಮಲ್ಲಿ ಯಾವನಾದ್ರೂ ಹೀಗೆ ಎದ್ದು ನಿಂತು ಹೇಳಿದ್ದಾನಾ? ನನ್ನ ಅಂಗಡೀಲಿ ರಬ್ಬರ್ ಇದೆಯಾ?”

ಪುಟ್ಟಿಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಇದೇ ಮಾವನಿಂದ ತನ್ನನ್ನು ಕಾಪಾಡಲು ಹೋಗಿ ಆ ಮಹಾನುಭಾವ ಬಾಯಿ ಮುಚ್ಚಿಕೊಂಡಿದ್ದ!

ಮಹಾನುಭಾವ ಬಾಗಿಲಲ್ಲೇ ನಿಂತಿದ್ದ. ಕಂಕುಳಲ್ಲಿ ತಾತನ ಡಬ್ಬಿ. ಎಲ್ಲರ ಮೊಣಕಾಲು ದಾಟಿಕೊಂಡು ಬಂದು ಡಬ್ಬಿಯನ್ನು ಕೌಂಟರ್ ಮೇಲೆ ತೆರೆದ.

“ನಿಮ್ಮ ಹತ್ರ ಕೊಂಡಿದ್ದೆಲ್ಲ ಇಲ್ಲಿದೆ. ಕಾರ್ಡ್ ಸಮೇತ. ಈ ವಾರವೆಲ್ಲ ಕೂತು ಮತ್ತೆ ನೋಡಿದ್ದೀನಿ. ನಾನು ಬೇಕಂತ ಸುಮ್ಮನಿದ್ದದ್ದು ಅದೊಂದೇ ಸಲ. ನಂಬಬೇಡಿ, ನೀವೇ ನೋಡಿ.”

ಪುಟ್ಟಿ ದೀಪವನ್ನು ಹತ್ತಿರಕ್ಕೆ ಎಳೆದಳು. ಲೆನ್ಸ್ ಎತ್ತಿಕೊಂಡಳು. ಒಂದೊಂದೇ ನಾಣ್ಯ, ಒಂದೊಂದೇ ಕಾರ್ಡು. ಕೋರೆಹಲ್ಲಿಲ್ಲದ ಸಿಂಹ, ಕೆನ್ನೆ ಗೆರೆಯ ರಾಜ. ಅವನು ಅಳಿಸಿದ ಜಾಗದಲ್ಲಿ ಮಸುಕು ಗುರುತು, ಅಳಿಸದ ಜಾಗದಲ್ಲಿ ಅವಳದೇ ಅಕ್ಷರ. ನೋಡುತ್ತಾ ನೋಡುತ್ತಾ ಎದೆಯ ಭಾರ ಇಳಿಯಿತು. ಎಲ್ಲಾ ಸರಿ ಇತ್ತು.

“ಒಂದರಲ್ಲಿ ಮಾತ್ರ ತಕರಾರಿದೆ,” ಅಂದ ಡಾಕ್ಟರ್.

“ಯಾವುದು?”

“ಈ ಹಕ್ಕಿ. ವಿಎಫ್ ಅಂತ ಬರೆದಿದ್ದೀರಿ. ಇದು ಎಕ್ಸ್‌ಎಫ್. ಅಚ್ಚು ಒತ್ತುವಾಗಲೇ ರೆಕ್ಕೆ ಸರಿಯಾಗಿ ಮೂಡಿಲ್ಲ, ಸವೆತ ಅಲ್ಲ. ಕಮ್ಮಿ ದುಡ್ಡಿಗೆ ಕೊಟ್ಟಿದ್ದೀರಿ. ಬಾಕಿ ಕೊಡಬೇಕಾದವನು ನಾನು.”

ಅವನು ರಬ್ಬರಿಗೆ ಕೈ ಹಾಕಿದ. ಪುಟ್ಟಿ ಪಟ್ಟನೆ ಅವನ ಕೈ ಮೇಲೆ ಕೈಯಿಟ್ಟಳು.

“ತಡೀರಿ. ಮೊದಲು ತೋರಿಸಬೇಕು, ಆಮೇಲೆ ಅಳಿಸಬೇಕು. ಪದ್ಧತಿ ಮರೆತ್ರಾ?” ನಾಣ್ಯವನ್ನು ವಾಲಿಸಿದಳು. ತಲೆಗಳು ಹತ್ತಿರ ಬಂದವು. ಲವಂಗದ ವಾಸನೆ. “ಅಚ್ಚು ಮೂಡದೇ ಇದ್ದಿದ್ರೆ ಹೊಳಪು ರೆಕ್ಕೆ ಮೇಲೂ ಉಳಿದಿರಬೇಕಿತ್ತು. ಬೆಳಕು ಓಡಿಸಿ ನೋಡಿ. ಇಲ್ಲಿವರೆಗೂ ಬರುತ್ತೆ, ರೆಕ್ಕೆ ಹತ್ರ ಕಡಿದು ಹೋಗುತ್ತೆ. ಇದು ಯಾರದೋ ಜೇಬಿನಲ್ಲಿ ತಿರುಗಾಡಿದ ಹಕ್ಕಿ ಡಾಕ್ಟ್ರೇ. ವಿಎಫ್.”

ಅವನು ನೋಡಿದ. ತಿರುಗಿಸಿ ನೋಡಿದ. ಉಸಿರು ಬಿಟ್ಟ.

“ಕೈ ಮುಗಿದೆ.”

“ನಿಜವಾಗ್ಲೂ? ಇಲ್ಲ ಪಾಪ ಹುಡುಗಿ ಅಂತ…”

“ಮಾವನ್ನೇ ಕೇಳಿ!”

ಮೀಸೆ ಮಾವ ಬಗ್ಗಿ ನೋಡಿ, “ಹುಡುಗಿ ಹೇಳಿದ್ದೇ ಸರಿ. ನಿನಗೆ ಹಲ್ಲೇ ಸಾಕು, ರೆಕ್ಕೆ ಬೇಡ,” ಅಂದರು. ಇಡೀ ಅಂಗಡಿ ಹೋ ಅಂತ ನಕ್ಕಿತು. ಪುಟ್ಟಿಯೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅವಳ ಕೈ ಇನ್ನೂ ಅವನ ಕೈ ಮೇಲೇ ಇತ್ತು. ನೋಡಬೇಕಾದವರೆಲ್ಲ ನೋಡಿಯಾಗಿತ್ತು.

ಎಲ್ಲರೂ ಹೋದ ಮೇಲೆ ಡಾಕ್ಟರ್ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದ. ಪುಟ್ಟಿ ಟೀ ಲೋಟ ಎತ್ತಿಡುತ್ತಿದ್ದಳು. ಅಪ್ಪ ಮೂಲೆಯಲ್ಲಿ ನಿದ್ದೆ ಬಂದವರ ಹಾಗೆ ನಟಿಸುತ್ತಿದ್ದರು. ನಟನೆ ಅಷ್ಟೇನೂ ಚೆನ್ನಾಗಿರಲಿಲ್ಲ.

“ನಿಮ್ಮನ್ನ ನೋಯಿಸಬಾರದು ಅಂತ ಸುಳ್ಳಾಡಿದೆ,” ಅಂದ ಅವನು. “ಅದನ್ನೇ ಪ್ರೀತಿ ಅಂದ್ಕೊಂಡಿದ್ದೆ. ನೀವು ಬೈದದ್ದು ಒಳ್ಳೇದಾಯ್ತು. ಪ್ರೀತಿ ಇರೋದು ಮಾತ್ರ ನಿಜ ಪುಟ್ಟಿ. ಬಹಳ ದಿನದಿಂದ ಇದೆ. ಸಿಂಹದ ದಿನದಿಂದ.”

“ಜೋರಾಗಿ ಹೇಳಿ, ಅಪ್ಪನಿಗೆ ಕೇಳಿಸಲಿಲ್ಲ ಅನ್ಸುತ್ತೆ,” ಅಂದಳು ಅವಳು.

ಅವನು ಒಂದು ಖಾಲಿ ಕಾರ್ಡ್ ತೆಗೆದುಕೊಂಡ. ಕೈ ಚಾಚಿ, ಈ ಸಲ ಹಿಂದೆ ತೊಗೊಳ್ಳದೆ, ಅವಳ ಕೂದಲ ಗಂಟಿನಿಂದ ಪೆನ್ಸಿಲ್ ಎಳೆದುಕೊಂಡ. ಕೂದಲು ಹೆಗಲಿಗೆ ಬಿತ್ತು. ಅವನು ಗಡಿಯಾರ ನೋಡಲಿಲ್ಲ. ಬಗ್ಗಿ ಬರೆದ, ಅವಳ ಮುಂದೆ ತಳ್ಳಿದ, ಜೊತೆಗೆ ರಬ್ಬರನ್ನೂ.

‘ಹಲ್ಲಿನ ಡಾಕ್ಟರ್ ಒಬ್ಬ. ಅಸಲಿ. ದೋಷ: ಒಂದು ಸಲ ನಿಜ ನುಂಗಿದ್ದಾನೆ. ನೀವು ಇಟ್ಟುಕೊಳ್ಳುವುದಾದರೆ ಜೀವನಪೂರ್ತಿ ನಿಮ್ಮವನು.’

ಪುಟ್ಟಿ ಲೆನ್ಸ್ ಹಿಡಿದು ಓದಿದಳು. ಅವನನ್ನೂ ಲೆನ್ಸ್ ಹಿಡಿದೇ ನೋಡಿದಳು. ಹಣೆಯ ಮೇಲೆ ಬೆವರು, ಕೆಳತುಟಿ ಕಚ್ಚಿದ ಗುರುತು, ಕಣ್ಣಿನಲ್ಲಿ ಪರೀಕ್ಷೆಗೆ ಕೂತ ಹುಡುಗನ ಭಯ. ಇಂಥ ಒಬ್ಬನನ್ನು ಎದುರು ಕಟ್ಟಡಕ್ಕೇ ಕಳಿಸಿದ ಭಗವಂತನಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು. ರಬ್ಬರ್ ಎತ್ತಿದಳು. ಡಾಕ್ಟರ ಮುಖ ಬಿಳಿಚಿತು. ಅವಳು ರಬ್ಬರನ್ನು ಕೌಂಟರಿನಿಂದ ಬಿಚ್ಚಿ, ದಾರ ಸಮೇತ ಡ್ರಾಯರಿಗೆ ಹಾಕಿ ಮುಚ್ಚಿ, ಅಪ್ಪನ ಅಂಗಿಯ ಜೇಬಿನಿಂದ ಪೆನ್ನು ಎತ್ತಿಕೊಂಡು ಬಂದಳು. ಅವನ ಒಂದೊಂದು ಅಕ್ಷರದ ಮೇಲೂ ಶಾಯಿ ತಿದ್ದಿದಳು. ದೋಷದ ಸಾಲನ್ನೂ ಬಿಡಲಿಲ್ಲ.

“ಅದನ್ನಾದರೂ ಅಳಿಸಬಹುದಿತ್ತು,” ಅಂದ ಅವನು ಮೆತ್ತಗೆ.

“ಇರಲಿ. ನೋಡಿ ತೊಗೊಂಡಿದ್ದೀನಿ ಅಂತ ಗೊತ್ತಿರಬೇಕಲ್ಲ.”

“ಪುಟ್ಟಿ,” ಮೂಲೆಯಿಂದ ಅಪ್ಪ ಕೂಗಿದರು, “ನನ್ನ ಅಂಗಡೀಲಿ ಕಾರ್ಡ್ ಮೇಲೆ ಪೆನ್ನು ಓಡ್ತಿದೆಯಾ? ತಾ ಇಲ್ಲಿ.”

ಅವಳು ಕೊಟ್ಟಳು. ಅಪ್ಪ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಲೆನ್ಸ್ ಇಲ್ಲದೆ, ಹೊಸ ಕಣ್ಣಿನಿಂದ ಒಂದೊಂದೇ ಪದ ಓದಿದರು. ಎರಡು ವರ್ಷದಿಂದ ಅವರು ತಾವಾಗಿ ಒಂದು ಕಾರ್ಡ್ ಓದಿರಲಿಲ್ಲ. ಓದಿ ಮುಗಿಸಿದವರ ಕಣ್ಣಿನಲ್ಲಿ ನೀರು ಬಂದಿತ್ತು, ಆಪರೇಷನ್ ಆದ ಕಣ್ಣಲ್ಲೂ, ಆಗದ ಕಣ್ಣಲ್ಲೂ.

“ಎಲ್ಲಾ ಸ್ಪಷ್ಟವಾಗಿ ಕಾಣ್ತಿದೆ ಕಣೇ,” ಅಂದರು. “ಗ್ರೇಡ್ ಸರಿಯಾಗಿದೆ.”